ಹಿಮದ ಗಸ್ತಿನವರಿಗೆ ಹೆಲ್ಮೆಟ್ ಕಡ್ಡಾಯವಾಗಬೇಕೆ?

ಸ್ಕೀ ತಾಣಕ್ಕೆ ಪ್ರವಾಸಿಗರು ಬಂದು ಸೇರುವ ಹೊತ್ತಿಗೆ ಅಲ್ಲಿನ ಗಸ್ತು ಪಡೆ ಎಷ್ಟೋ ಕೆಲಸ ಮುಗಿಸಿರುತ್ತದೆ. ರಾತ್ರಿ ಹೊಸ ಹಿಮ ಬಿದ್ದಿದ್ದರೆ ಬೆಳಕು ಹರಿಯುವ ಮುಂಚೆಯೇ ಬೆಟ್ಟದ ನೆತ್ತಿಗೆ ಹೋಗಿ, ಕುಸಿಯಲು ಕಾದಿರುವ ಹಿಮದ ಹಾಸನ್ನು ಸಿಡಿಮದ್ದು ಎಸೆದು ಕೆಡವಬೇಕು. ಲಿಫ್ಟಿನ ಕಂಬಗಳಿಗೆ ಸುತ್ತಿದ ಮೆತ್ತೆ ಸರಿಯಾಗಿದೆಯೇ ನೋಡಬೇಕು, ಬಂಡೆ ಎದ್ದಿರುವ ಕಡೆ ಹಗ್ಗ ಎಳೆದು ದಾರಿ ಮುಚ್ಚಬೇಕು. ಆಮೇಲೆ ಹಗಲೆಲ್ಲ ಕಾಲು ಮುರಿದವರು, ಭುಜ ತಪ್ಪಿದವರು, ಮರಕ್ಕೆ ಬಡಿದವರು. ಗಾಯಾಳುವನ್ನು ಟೊಬೊಗನ್ ಎಂಬ ಉದ್ದನೆಯ ಜಾರುಬಂಡಿಯಲ್ಲಿ ಮಲಗಿಸಿ, ಅದರ ಮುಂದಿನ ಎರಡು ಹಿಡಿಗಳ ನಡುವೆ ನಿಂತು, ಸ್ಕೀ ಮೇಲೆಯೇ ಕಡಿದಾದ ಇಳಿಜಾರಿನಲ್ಲಿ ಕೆಳಗೆ ತರುತ್ತಾರೆ. ಬಂಡಿ, ರೋಗಿ ಸೇರಿ ನೂರು ಕಿಲೋ ದಾಟುವ ಭಾರ ಬೆನ್ನ ಹಿಂದೆ ತಳ್ಳುತ್ತಿರುತ್ತದೆ. ಸಂಜೆ, ಯಾರೂ ಮೇಲೆ ಉಳಿದಿಲ್ಲವೆಂದು ಒಂದೊಂದು ದಾರಿಯನ್ನೂ ನೋಡಿಕೊಂಡು ಕೊನೆಗೆ ಇಳಿಯುವವರೂ ಅವರೇ.

ಈ ಕೆಲಸ ಮಾಡುವವರು ಹೆಲ್ಮೆಟ್ ಹಾಕಲೇಬೇಕೆಂದು ನಿಯಮ ಮಾಡಬಹುದೇ? ಇದರಲ್ಲಿ ಚರ್ಚಿಸಲು ಏನಿದೆ ಎಂದು ಹೊರಗಿನವರಿಗೆ ಅನ್ನಿಸುವುದು ಸಹಜ. ಆದರೆ ವಿರೋಧ ಬಂದದ್ದು ಗಸ್ತಿನವರ ನಡುವಿನಿಂದಲೇ. ಉಣ್ಣೆ ಟೋಪಿಯಲ್ಲೇ ದಶಕಗಳ ಕಾಲ ಬೆಟ್ಟ ಇಳಿದ ಹಿರಿಯರ ಆಕ್ಷೇಪಗಳಲ್ಲಿ ಹುರುಳಿದೆ. ಅವನ್ನು ಕಿವಿಗೊಟ್ಟು ಕೇಳಿದ ಮೇಲೂ ನಿಯಮ ಬೇಕು ಎಂಬುದೇ ನನ್ನ ನಿಲುವು. ಆದರೆ ಸಾಮಾನ್ಯವಾಗಿ ಕೊಡುವ ಕಾರಣಕ್ಕಾಗಿ ಅಲ್ಲ.

ಅಮೆರಿಕದಲ್ಲಿ ಇಂಥ ಪಡೆ ಹುಟ್ಟಿದ್ದು ಅಪಘಾತಗಳಿಂದ. 1930ರ ದಶಕದಲ್ಲಿ ಮೈನಟ್ ಡೋಲ್ ಎಂಬವರು ವರ್ಮಾಂಟ್ ರಾಜ್ಯದ ಸ್ಟೋ ಎಂಬಲ್ಲಿ ಸ್ಕೀ ಮಾಡುವಾಗ ಬಿದ್ದು ಕಾಲಿನ ಗೆಣ್ಣು ಮುರಿದುಕೊಂಡರು. ಅಲ್ಲಿ ಸಹಾಯಕ್ಕೆ ಯಾವ ವ್ಯವಸ್ಥೆಯೂ ಇರಲಿಲ್ಲ. ಗೆಳೆಯರು ಚಾವಣಿಯ ತಗಡಿನ ಮೇಲೆ ಮಲಗಿಸಿ ಎಳೆದು ತಂದರು. ಸ್ವಲ್ಪ ಕಾಲದಲ್ಲೇ ಅವರ ಗೆಳೆಯ ಫ್ರಾಂಕ್ ಎಡ್ಸನ್ ಸ್ಕೀ ಓಟದ ಸ್ಪರ್ಧೆಯೊಂದರಲ್ಲಿ ಗಾಯಗೊಂಡು ತೀರಿಹೋದರು. ಈ ನೋವು ಡೋಲ್ ಅವರನ್ನು ಸುಮ್ಮನಿರಲು ಬಿಡಲಿಲ್ಲ. 1938ರಲ್ಲಿ ರಾಷ್ಟ್ರೀಯ ಸ್ಕೀ ಗಸ್ತು ಸಂಸ್ಥೆ ಶುರುವಾಯಿತು. ಪ್ರಥಮ ಚಿಕಿತ್ಸೆ, ಗಾಯಾಳುವನ್ನು ಇಳಿಸುವ ಕ್ರಮ, ಹಿಮಕುಸಿತದ ತಿಳಿವಳಿಕೆ ಎಲ್ಲವೂ ಮುಂದಿನ ವರ್ಷಗಳಲ್ಲಿ ಬೆಳೆದವು. ಹೆಲ್ಮೆಟ್ ಮಾತ್ರ ಬಹುಕಾಲ ಸ್ಪರ್ಧಿಗಳ ಸಾಮಾನಾಗಿಯೇ ಉಳಿಯಿತು.

1997ರ ಡಿಸೆಂಬರ್ 31ರಂದು ಆಸ್ಪೆನ್‌ನಲ್ಲಿ ಹೆಸರಾಂತ ಕೆನಡಿ ಮನೆತನದ ಮೈಕೆಲ್ ಕೆನಡಿ, ಅದಾಗಿ ಐದು ದಿನಕ್ಕೆ ಹೆವನ್ಲಿ ಎಂಬ ತಾಣದಲ್ಲಿ ಸಂಸದ, ಗಾಯಕ ಸಾನಿ ಬೋನೊ, ಇಬ್ಬರೂ ಮರಕ್ಕೆ ಡಿಕ್ಕಿ ಹೊಡೆದು ಸತ್ತಾಗ ಅಮೆರಿಕದಲ್ಲಿ ಹೆಲ್ಮೆಟ್ಟಿನ ಮಾತು ಜೋರಾಯಿತು. ಆದರೂ 2002-03ರ ಚಳಿಗಾಲದಲ್ಲಿ ಅಲ್ಲಿನ ಸ್ಕೀ ತಾಣಗಳಲ್ಲಿ ಹೆಲ್ಮೆಟ್ ಹಾಕುತ್ತಿದ್ದವರು ನಾಲ್ಕರಲ್ಲಿ ಒಬ್ಬರು. ಹತ್ತು ವರ್ಷದಲ್ಲಿ ಅದು ಶೇ 70ಕ್ಕೆ ಏರಿತು, ಮುಂದೆ ಶೇ 80ನ್ನೂ ದಾಟಿತು. ದೊಡ್ಡವರ ಮಟ್ಟಿಗೆ ಯಾವ ಕಾನೂನಿನ ಒತ್ತಾಯವೂ ಇಲ್ಲದೆ ಆದ ಬದಲಾವಣೆ ಇದು.

ಆ ನಡುವೆ 2009ರ ಮಾರ್ಚ್‌ನಲ್ಲಿ ಕೆನಡಾದ ಮಾಂಟ್ ಟ್ರೆಂಬ್ಲಾಂಟ್‌ನಲ್ಲಿ ನಟಿ ನತಾಶಾ ರಿಚರ್ಡ್ಸನ್ ಸತ್ತ ರೀತಿ ಎಲ್ಲರನ್ನೂ ಕಂಗೆಡಿಸಿತು. ಕಲಿಯುವವರ ಸುಲಭ ಇಳಿಜಾರಿನಲ್ಲಿ ಪಾಠ ನಡೆಯುತ್ತಿದ್ದಾಗ ಅವರು ಬಿದ್ದರು. ತಲೆಗೆ ಹೆಲ್ಮೆಟ್ ಇರಲಿಲ್ಲ. ಎದ್ದು ಮಾತಾಡಿದರು, ಏನೂ ಆಗಿಲ್ಲ ಎಂದರು, ವೈದ್ಯರು ಬೇಡವೆಂದರು. ತಲೆಬುರುಡೆಗೂ ಮಿದುಳಿನ ಹೊರಪೊರೆಗೂ ನಡುವೆ ಒಳಗೊಳಗೇ ರಕ್ತ ಸೇರುತ್ತಿತ್ತು. ಎರಡು ದಿನಕ್ಕೆ ಪ್ರಾಣ ಹೋಯಿತು. ಮರುತಿಂಗಳು ವೇಲ್ ರೆಸಾರ್ಟ್ಸ್ ಕಂಪನಿ, ಮುಂದಿನ ಚಳಿಗಾಲದಿಂದ ತನ್ನ ತಾಣಗಳಲ್ಲಿ ಕೆಲಸದ ಮೇಲೆ ಸ್ಕೀ ಅಥವಾ ಸ್ನೋಬೋರ್ಡ್ ಏರುವ ಸಿಬ್ಬಂದಿಯೆಲ್ಲ ಹೆಲ್ಮೆಟ್ ಹಾಕಲೇಬೇಕೆಂದು ಪ್ರಕಟಿಸಿತು. 2012ರ ನವೆಂಬರ್‌ನಿಂದ ಕೆನಡಾದ ನೋವಾ ಸ್ಕೋಶಿಯಾ ಪ್ರಾಂತ್ಯ ಎಲ್ಲ ವಯಸ್ಸಿನವರಿಗೂ ಕಡ್ಡಾಯ ಮಾಡಿತು. ಇಟಲಿ ಮೆಟ್ಟಿಲು ಮೆಟ್ಟಿಲಾಗಿ ಹೋಯಿತು: 2005ರಲ್ಲಿ 14 ವರ್ಷದೊಳಗಿನ ಮಕ್ಕಳಿಗೆ, 2022ರಲ್ಲಿ 18ರೊಳಗಿನವರಿಗೆ, 2025ರ ನವೆಂಬರ್‌ನಿಂದ ಎಲ್ಲರಿಗೂ.

ಹೆಲ್ಮೆಟ್ ನಿಜಕ್ಕೂ ಮಾಡುವುದೇನು ಎಂಬುದನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕು. ಗಟ್ಟಿಯಾದ ಹೊರಚಿಪ್ಪಿನ ಒಳಗೆ ಇರುವುದು ನಾವು ಥರ್ಮಾಕೋಲ್ ಎನ್ನುವ ವಸ್ತುವಿನ ದಟ್ಟ ಪದರ. ಪೆಟ್ಟು ಬಿದ್ದಾಗ ಅದು ಜಜ್ಜಿಹೋಗುತ್ತದೆ. ಜಜ್ಜಿಹೋಗಲು ತಗಲುವ ಒಂದೆರಡು ಕ್ಷಣಾಂಶಗಳಲ್ಲಿ ತಲೆಯ ವೇಗ ತುಸು ನಿಧಾನವಾಗಿ ಇಳಿಯುತ್ತದೆ, ಮಿದುಳಿನ ಮೇಲಿನ ಕುಲುಕು ತಗ್ಗುತ್ತದೆ. ಯುರೋಪಿನ ಇಎನ್ 1077 ಎಂಬ ಮಾನದಂಡದಲ್ಲಿ ಲೋಹದ ತಲೆಗೆ ಹೆಲ್ಮೆಟ್ ತೊಡಿಸಿ ಒಂದೂವರೆ ಮೀಟರ್ ಎತ್ತರದಿಂದ ಕಬ್ಬಿಣದ ಅಡಿಗಲ್ಲಿನ ಮೇಲೆ ಬೀಳಿಸುತ್ತಾರೆ. ಆಗ ತಲೆ ಅನುಭವಿಸುವ ಆಘಾತ ಗುರುತ್ವದ 250 ಪಟ್ಟನ್ನು ಮೀರಬಾರದು. ಅಷ್ಟು ಎತ್ತರದಿಂದ ಬಿದ್ದಾಗ ವೇಗ ಗಂಟೆಗೆ 20 ಕಿಲೋಮೀಟರಿಗಿಂತ ಕೊಂಚ ಕಡಿಮೆ. ಆದರೆ ಸಾಧಾರಣ ಸ್ಕೀಗಾರರು ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಇಳಿಯುವುದು ಮಾಮೂಲು. ವೇಗ ಎರಡು ಪಟ್ಟಾದರೆ ಹೊಡೆತದ ಶಕ್ತಿ ನಾಲ್ಕು ಪಟ್ಟು.

ಹಾಗಾದರೆ ಹೆಲ್ಮೆಟ್ಟಿನಿಂದ ಏನು ಉಪಯೋಗ? ಜಾರಿ ಬಿದ್ದವನ ತಲೆ ನೆಲಕ್ಕೆ ತಾಗುವುದು ಬಹುಮಟ್ಟಿಗೆ ಅವನು ನಿಂತ ಎತ್ತರದಿಂದ. ಮುಂದಕ್ಕೆ ಸಾಗುವ ವೇಗದ ಬಹುಪಾಲು ಹಿಮದ ಮೇಲೆ ಜಾರುತ್ತಾ ಕರಗುತ್ತದೆ. ಹಾಗೆ ಬಿದ್ದಾಗ ಹೆಲ್ಮೆಟ್ ಚೆನ್ನಾಗಿ ಕೆಲಸ ಮಾಡುತ್ತದೆ. ಮರಕ್ಕೋ ಕಂಬಕ್ಕೋ ನೇರ ಬಡಿದರೆ ಪೂರ್ತಿ ವೇಗ ತಲೆಗೇ ಬರುತ್ತದೆ, ಆಗ ಹೆಲ್ಮೆಟ್ಟಿನ ಶಕ್ತಿ ಸಾಲದು. ಅಧ್ಯಯನಗಳು ಒಂದಕ್ಕೊಂದು ಎದುರಾಗಿ ಕಾಣುವುದೂ ಇದರಿಂದಲೇ. ನಾರ್ವೆಯ ಎಂಟು ಸ್ಕೀ ತಾಣಗಳಲ್ಲಿ ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನ, ಹೆಲ್ಮೆಟ್ ಹಾಕಿದವರಿಗೆ ತಲೆಗಾಯದ ಅಪಾಯ ಶೇ 60ರಷ್ಟು ಕಡಿಮೆ ಎಂದು ಕಂಡುಕೊಂಡಿತು. ಅತ್ತ ಅಮೆರಿಕದ ಜಾಸ್ಪರ್ ಶೀಲಿ ಮತ್ತು ಸಂಗಡಿಗರು, ಹೆಲ್ಮೆಟ್ ಬಳಕೆ ಇಷ್ಟು ಏರಿದರೂ ಸ್ಕೀ ತಾಣಗಳ ಸಾವಿನ ಸಂಖ್ಯೆ ವರ್ಷಕ್ಕೆ 40ರ ಆಸುಪಾಸಿನಲ್ಲೇ ಉಳಿದಿದೆ ಎಂದು ತೋರಿಸಿದರು. ಎರಡೂ ನಿಜ. 2013ರಲ್ಲಿ ಫ್ರಾನ್ಸ್‌ನ ಮೆರಿಬೆಲ್‌ನಲ್ಲಿ ಬಂಡೆಗೆ ಬಡಿದ ಕಾರು ಓಟದ ಮಾಜಿ ಚಾಂಪಿಯನ್ ಮೈಕೆಲ್ ಶುಮಾಕರ್ ಹೆಲ್ಮೆಟ್ ಹಾಕಿದ್ದರು. ಆದರೂ ಮಿದುಳಿಗೆ ತೀವ್ರ ಪೆಟ್ಟಾಯಿತು.

ಇನ್ನು ಗಸ್ತಿನವರ ಆಕ್ಷೇಪಗಳು. ಮೊದಲನೆಯದು ಕಿವಿ. ಈ ಕೆಲಸದಲ್ಲಿ ಕಣ್ಣಿನಷ್ಟೇ ಕಿವಿಯೂ ದುಡಿಯುತ್ತದೆ. ಹಿಮದ ಪದರಗಳ ನಡುವೆ ಸಡಿಲವಾದದ್ದೊಂದು ಕಾಲಡಿಯಲ್ಲಿ ಕುಸಿದಾಗ ‘ಧುಂ’ ಎಂಬ ಅದುಮಿದ ಸದ್ದು ಬರುತ್ತದೆ. ಇಡೀ ಇಳಿಜಾರೇ ಜಾರಬಹುದೆಂಬ ಮುನ್ಸೂಚನೆ ಅದು, ಕೇಳದಿದ್ದರೆ ಜೀವಕ್ಕೆ ಕುತ್ತು. ವೈರ್‌ಲೆಸ್ಸಿನ ಕರೆ, ಮರಗಳ ನಡುವಿನಿಂದ ಬರುವ ಕ್ಷೀಣ ಕೂಗು, ಗಾಯಾಳುವಿನ ಪಕ್ಕ ಮೊಣಕಾಲೂರಿ ಕೂತಿರುವಾಗ ಮೇಲಿನಿಂದ ನುಗ್ಗಿಬರುವ ಸ್ಕೀಯ ಕರಕರ, ಇವನ್ನೆಲ್ಲ ಮಂದ ಮಾಡುವ ಸಾಮಾನನ್ನು ಹೊತ್ತುಕೊಳ್ಳಿ ಎಂದರೆ ಅವರು ಹಿಂಜರಿಯುವುದು ನ್ಯಾಯವೇ. ಆದರೆ ಸದ್ದು ತಡೆಯುವುದು ಹೆಚ್ಚಾಗಿ ಕಿವಿಯ ಮೇಲಿನ ಮೆತ್ತೆ. ಆ ಮೆತ್ತೆಯನ್ನು ಕಳಚಬಹುದಾದ ಹೆಲ್ಮೆಟ್‌ಗಳು ಇವೆ, ಕಿವಿ ಪೂರ್ತಿ ತೆರೆದಿರುವವೂ ಇವೆ. ನೋಟ ಕಿರಿದಾಗುತ್ತದೆ ಎಂಬ ದೂರಿನಲ್ಲಿ ಅಷ್ಟು ಬಲವಿಲ್ಲ. ಹಿಮಗನ್ನಡಕದ ಚೌಕಟ್ಟು ಹೆಲ್ಮೆಟ್ಟಿಗಿಂತ ಹೆಚ್ಚು ಅಡ್ಡ ಬರುತ್ತದೆ.

ಸೆಕೆಯ ದೂರು ಮಾತ್ರ ಗಟ್ಟಿಯಾದದ್ದು. ಸ್ಕೀಯನ್ನು ಹೆಗಲಿಗೇರಿಸಿಕೊಂಡು ಹಿಮದಲ್ಲಿ ಹತ್ತುವವರ ಮೈ ಬೆವರಿ ನೆನೆಯುತ್ತದೆ, ನಿಂತ ಕೂಡಲೇ ಆ ಬೆವರೇ ಕೊರೆಯುತ್ತದೆ. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರು ಗುಲ್ಮಾರ್ಗ್‌ನ ಖೇಲೋ ಇಂಡಿಯಾ ಚಳಿಗಾಲದ ಕೂಟದಲ್ಲಿ ಕರ್ನಾಟಕಕ್ಕೆ ಪದಕ ತಂದ ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ ಹೆಲ್ಮೆಟ್ ರೂಢಿಯಲ್ಲಿಲ್ಲ. ಅಲ್ಲಿ ಇಳಿತಕ್ಕಿಂತ ಏರು, ಸಮತಟ್ಟು ದಾರಿಗಳ ಶ್ರಮವೇ ಹೆಚ್ಚು, ಉಸಿರು ಮತ್ತು ಮೈಕಾವಿನದೇ ಚಿಂತೆ. ಗಸ್ತಿನವರ ದಿನದಲ್ಲಿಯೂ ಅಂಥ ಗಂಟೆಗಳಿವೆ. ಮೇಲಿನಿಂದ ಏನೂ ಕುಸಿಯುವ ಭಯವಿಲ್ಲದ ಕಡೆ ಹತ್ತುವಾಗ ಹೆಲ್ಮೆಟ್ ಚೀಲಕ್ಕೆ ಸಿಕ್ಕಿಸಿಕೊಳ್ಳಲು ಬಿಡದ ನಿಯಮ, ಕೆಲಸ ಗೊತ್ತಿಲ್ಲದವರು ಬರೆದ ನಿಯಮ.

ಕೊನೆಯ ಆಕ್ಷೇಪ ಸ್ವಾತಂತ್ರ್ಯದ್ದು: ನನ್ನ ತಲೆ, ನನ್ನ ಆಯ್ಕೆ. ರಜೆಗೆ ಬಂದವರ ಬಾಯಲ್ಲಿ ಈ ಮಾತಿಗೆ ಬೆಲೆ ಕೊಡುತ್ತೇನೆ. ಮೋಡ ಕವಿದರೆ ಅವರು ಇಳಿದು ಹೋಗಬಹುದು, ಕಡಿದಾದ ದಾರಿ ಬೇಡವೆನ್ನಬಹುದು, ನಿಧಾನ ಹೋಗಬಹುದು. ಗಸ್ತಿನವರಿಗೆ ಈ ಯಾವ ಆಯ್ಕೆಯೂ ಇಲ್ಲ. ಉಳಿದವರಿಗೆ ಮುಚ್ಚಿದ ದಾರಿಗೆ ಅವರು ಹೋಗಲೇಬೇಕು. ಏರುತಗ್ಗು ಕಾಣದ ಮಂಕು ಬೆಳಕಿನಲ್ಲಿ ಇಳಿಯಬೇಕು. ಎಷ್ಟು ಬೇಗ ಹೋಗಬೇಕೆಂಬುದನ್ನು ಅಲ್ಲೆಲ್ಲೋ ರಕ್ತ ಸುರಿಯುತ್ತಾ ಬಿದ್ದಿರುವವರ ಸ್ಥಿತಿ ತೀರ್ಮಾನಿಸುತ್ತದೆ. ಭಾರದ ಬಂಡಿಯ ಮುಂದೆ ಒಮ್ಮೆ ಆಯ ತಪ್ಪಿದರೆ ಹಿಂದೆ ಮಲಗಿರುವ ಗಾಯಾಳುವಿಗೂ ಆಪತ್ತು. ಅಪಾಯ ಕೆಲಸದಿಂದ ಬರುವಾಗ ರಕ್ಷಣೆಯ ಹೊಣೆ ಕೆಲಸ ಕೊಟ್ಟವರದು. ನಿಯಮ ಬೇಕೆಂದು ನಾನು ಹೇಳುವುದು ಈ ಕಾರಣಕ್ಕೆ. ಗಸ್ತಿನವರನ್ನು ನೋಡಿ ಮಕ್ಕಳು ಕಲಿಯುತ್ತಾರೆ ಎಂಬ ವಾದ ಕೇಳಲು ಚೆನ್ನಾಗಿದೆ, ಆದರೆ ಇನ್ನೊಬ್ಬರಿಗೆ ಮಾದರಿಯಾಗಲೆಂದು ಒಬ್ಬರ ಮೇಲೆ ಕಡ್ಡಾಯ ಹೇರುವುದು ನನಗೆ ಒಪ್ಪಿಗೆಯಿಲ್ಲ.

ಹೆಲ್ಮೆಟ್ ಕೊಟ್ಟರೆ ಹೊಣೆ ತೀರಿತು ಎಂದುಕೊಳ್ಳುವ ಕಂಪನಿಗಳ ಬಗ್ಗೆ ಎಚ್ಚರ ಬೇಕು. ಪಶ್ಚಿಮ ಕೆನಡಾದಲ್ಲಿ 1984ರಿಂದ 2005ರವರೆಗೆ ಹಿಮಕುಸಿತದಲ್ಲಿ ಸತ್ತ 204 ಮಂದಿಯ ಅಧ್ಯಯನದಲ್ಲಿ ಮುಕ್ಕಾಲು ಪಾಲು ಸಾವು ಉಸಿರು ಕಟ್ಟಿ ಆದದ್ದು. ಪೆಟ್ಟಿನಿಂದ ಸತ್ತವರು ಕಾಲು ಭಾಗದಷ್ಟು. 2025ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯಾದ ಮ್ಯಾಮತ್ ಮೌಂಟನ್‌ನಲ್ಲಿ ಹಿಮ ಕೆಡವುವ ಕೆಲಸದಲ್ಲಿದ್ದ ಇಬ್ಬರು ಗಸ್ತಿನವರು ಕುಸಿತಕ್ಕೆ ಸಿಕ್ಕರು, ಒಬ್ಬರು ಉಳಿಯಲಿಲ್ಲ. ಇಂಥ ಕಡೆ ಜೀವ ಉಳಿಸುವುದು ಸಾಕಷ್ಟು ಜನ, ಒಳ್ಳೆಯ ತರಬೇತಿ, ಸಂಶಯವಿದ್ದರೆ ತಾಣವನ್ನು ತಡವಾಗಿ ತೆರೆಯುವ ಧೈರ್ಯ. ಅಫರ್ವತ್ ಬೆಟ್ಟದಲ್ಲಿ 3,900 ಮೀಟರಿಗೂ ಮೇಲಕ್ಕೆ ಕೇಬಲ್ ಕಾರು ಒಯ್ಯುವ ನಮ್ಮ ಗುಲ್ಮಾರ್ಗ್‌ಗೂ ಇದು ಅನ್ವಯ. 2024ರ ಫೆಬ್ರವರಿಯಲ್ಲಿ ಅಲ್ಲಿನ ಹಿಮಕುಸಿತದಲ್ಲಿ ರಷ್ಯಾದ ಸ್ಕೀಗಾರರೊಬ್ಬರು ಸತ್ತಿದ್ದರು.

ಇವೆಲ್ಲಕ್ಕೂ ದುಡ್ಡು ಬೇಕು. 2024ರ ಡಿಸೆಂಬರ್ ಕೊನೆಯಲ್ಲಿ ಯೂಟಾ ರಾಜ್ಯದ ಪಾರ್ಕ್ ಸಿಟಿಯಲ್ಲಿ, ಅದೇ ವೇಲ್ ಕಂಪನಿಯ ತಾಣದಲ್ಲಿ, ಸುಮಾರು 200 ಗಸ್ತಿನವರು ಮುಷ್ಕರ ಹೂಡಿದರು. ಆರಂಭದ ಕೂಲಿ ಗಂಟೆಗೆ 21 ಡಾಲರಿನಿಂದ 23 ಆಗಲು ರಜಾಕಾಲದ ಹೆಚ್ಚುಕಡಿಮೆ ಎರಡು ವಾರ ಕೆಲಸ ನಿಲ್ಲಿಸಬೇಕಾಯಿತು. ಅದೇ ಕಂಪನಿಯ ಹೆಲ್ಮೆಟ್ ನಿಯಮವಾದರೋ ಒಂದೇ ಪ್ರಕಟಣೆಯಲ್ಲಿ ಬಂದಿತ್ತು.

ಹಾಗಾಗಿ ನಿಯಮದ ಒಕ್ಕಣೆಯಲ್ಲೇ ಕೆಲವು ಮಾತು ಸೇರಿರಬೇಕು. ಸ್ಕೀ ಅಥವಾ ಸ್ನೋಬೋರ್ಡ್ ಮೇಲೆ ಕೆಲಸಕ್ಕೆ ಇಳಿಯುವಾಗ, ಬಂಡಿ ಎಳೆಯುವಾಗ ಹೆಲ್ಮೆಟ್ ಕಡ್ಡಾಯ. ಯಾವ ಬಗೆಯದು, ಕಿವಿ ತೆರೆದದ್ದೋ ಮುಚ್ಚಿದ್ದೋ ಎಂಬುದನ್ನು ತೊಡುವವರೇ ಆರಿಸಲಿ. ಹಣ ಕಂಪನಿಯದು. ಜಜ್ಜಿದ ಪದರ ಮತ್ತೆ ಮೊದಲಿನಂತೆ ಆಗುವುದಿಲ್ಲ. ಹೊರಗೆ ಗೀರೂ ಕಾಣದೆ ಒಳಗೆ ಸತ್ತ ಹೆಲ್ಮೆಟ್ ಮರುದಿನ ಯಾರನ್ನೂ ಕಾಯದು. ಆದ್ದರಿಂದ ಪೆಟ್ಟು ತಿಂದದ್ದನ್ನು ಅಂದೇ ವಾಪಸು ಪಡೆದು ಹೊಸದನ್ನು ಕೊಡಬೇಕು, ಸಂಬಳದಲ್ಲಿ ಒಂದು ಕಾಸೂ ಹಿಡಿಯದೆ.