ಬೆಳೆಯ ಕಾವಲಿಗೆ ತಕ್ಕ ಕೋವಿ: ಬೆಲೆ, ತೂಕ ಮತ್ತು ಹಿಂದೊದೆತದ ವಿಚಾರ

ಮಲೆನಾಡಿನಲ್ಲಿ ಭತ್ತವು ಹಾಲುಗಟ್ಟುವ ಕಾಲದಲ್ಲಿಯೂ, ಅದರ ಅಂಚಿನ ಸೀಮೆಗಳಲ್ಲಿ ಮುಸುಕಿನ ಜೋಳವು ತೆನೆಬಿಡುವ ಕಾಲದಲ್ಲಿಯೂ ಕಾಡುಹಂದಿಗಳ ಹಾವಳಿಯು ವಿಪರೀತವಾಗಿರುವುದು ಸರ್ವರಿಗೂ ತಿಳಿದ ಸಂಗತಿಯಾಗಿದೆ. ಹಿಂಡೊಂದು ಗದ್ದೆಗೆ ನುಗ್ಗಿದರೆ ತಿಂದು ಹಾಳಾಗುವುದಕ್ಕಿಂತ ತುಳಿದು ಹೊರಳಾಡಿ ಹಾಳಾಗುವುದೇ ಹೆಚ್ಚು. ಬೇಲಿ, ಕಂದಕ, ತಮಟೆ, ದೊಂದಿ ಇವೆಲ್ಲವನ್ನೂ ಮಾಡಿ ನೋಡಿದ ಬಳಿಕ ಜಮೀನುದಾರನು ಕೋವಿಯ ಪರವಾನೆಗೆ ಅರ್ಜಿ ಹಾಕುತ್ತಾನೆ. ಆದರೆ ಎತ್ತನ್ನು ಕೊಳ್ಳುವಾಗ ಹಲ್ಲು, ಗೊರಸು, ಸುಳಿ ಎಲ್ಲವನ್ನೂ ಪರೀಕ್ಷಿಸುವ ರೈತನೇ ಕೋವಿಯನ್ನು ಕೊಳ್ಳುವಾಗ ಬೆಲೆಯೊಂದನ್ನೇ ವಿಚಾರಿಸಿ, ಅಂಗಡಿಯಲ್ಲಿ ಎಲ್ಲಕ್ಕಿಂತ ಅಗ್ಗವಾದದ್ದನ್ನೂ ಹೊರುವುದಕ್ಕೆ ಹಗುರವಾದದ್ದನ್ನೂ ತರುವುದುಂಟು. ಅಗ್ಗವಾದದ್ದೆಲ್ಲವೂ ಕೆಟ್ಟದ್ದಲ್ಲ, ಆದರೆ ಅಗ್ಗವೂ ಅತಿ ಹಗುರವೂ ಆದ ಕೋವಿಗೆ ಬಲವಾದ ತೋಟೆಯನ್ನು ಹಾಕಿ ಹಾರಿಸುವುದು ಹಣವನ್ನು ಕಳೆದುಕೊಂಡು ನೋವನ್ನು ಕೊಂಡುಕೊಂಡಂತೆ.

ಮೊದಲು ಕಾಯಿದೆಯ ಮಾತು. ೧೯೫೯ನೆಯ ಇಸವಿಯ ಆಯುಧ ಕಾಯಿದೆಯ ೧೩ನೆಯ ಪ್ರಕರಣದ ಮೇರೆಗೆ ಬೆಳೆಯ ರಕ್ಷಣೆಗಾಗಿ ಮೊದಲು ಕೊಡತಕ್ಕದ್ದು ಬಾಯಿಂದ ಮದ್ದು ತುಂಬುವ ಕೋವಿಯ, ಅಂದರೆ ಕೇಪಿನ ಕೋವಿಯ ಪರವಾನೆ. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ೨೦ ಅಂಗುಲಕ್ಕೆ ಕಡಮೆಯಿಲ್ಲದ ನಳಿಗೆಯುಳ್ಳ ಬೇರೆ ನಯನಳಿಗೆಯ ಕೋವಿಗೂ ಪರವಾನೆ ಕೊಡಬಹುದು. ಆದಕಾರಣ ತೋಟೆ ಕೋವಿಯನ್ನು ಬಯಸುವವರು ಕೇಪಿನ ಕೋವಿಯು ಏತಕ್ಕೆ ಸಾಲದೆಂಬುದನ್ನು ಅರ್ಜಿಯಲ್ಲಿಯೇ ವಿವರವಾಗಿ ಬರೆಯುವುದು ಒಳ್ಳೆಯದು. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ೨೦೨೯ನೆಯ ಇಸವಿ ಅಕ್ಟೋಬರ್ ೩೧ರವರೆಗೆ ಪರವಾನೆಯಿಂದ ವಿನಾಯಿತಿಯಿದೆ. ಕೋವಿಯ ಪರವಾನೆಯು ಪ್ರಾಣಿಯನ್ನು ಕೊಲ್ಲುವುದಕ್ಕೆ ಪರವಾನೆಯಲ್ಲವೆಂಬುದನ್ನು ಯಾರೂ ಮರೆಯಬಾರದು. ಹಂದಿಯನ್ನು ಹೊಡೆಯಬೇಕಾದರೆ ೧೯೭೨ನೆಯ ವನ್ಯಜೀವಿ ಸಂರಕ್ಷಣಾ ಕಾಯಿದೆಯ ೧೧ನೆಯ ಪ್ರಕರಣದಂತೆ ಅರಣ್ಯ ಇಲಾಖೆಯ ಲಿಖಿತ ಅಪ್ಪಣೆಯು ಬೇರೆಯಾಗಿಯೇ ಬೇಕು. ಆನೆ, ಕಾಟಿ, ನವಿಲು ಇವುಗಳ ಮೇಲೆ ಬೆಳೆಗಾರನು ಗುರಿ ಇಡುವ ಮಾತೇ ಇಲ್ಲ.

ಇನ್ನು ಹಿಂದೊದೆತದ ವಿಷಯ. ತೋಟೆಯು ಹಾರಿದಾಗ ಚರೆಯೂ ಮದ್ದಿನ ಹೊಗೆಯೂ ಮುಂದಕ್ಕೆ ಎಷ್ಟು ರಭಸದಿಂದ ಹೋಗುವುವೋ ಅದಕ್ಕೆ ಸರಿಸಮನಾದ ತಳ್ಳುವಿಕೆಯು ಕೋವಿಯನ್ನು ಹಿಂದಕ್ಕೆ ದೂಡುತ್ತದೆ. ಇದನ್ನೇ ಹಳ್ಳಿಗರು ಕೋವಿಯ ಒದೆ ಎನ್ನುತ್ತಾರೆ. ಚೆನ್ನಾಗಿ ಒದೆಯುವ ಕೋವಿಯೇ ಚೆನ್ನಾಗಿ ಕೊಲ್ಲುವ ಕೋವಿಯೆಂಬ ಭಾವನೆಯು ಅನೇಕರಲ್ಲಿ ಬೇರೂರಿದೆ. ಇದು ಶುದ್ಧ ತಪ್ಪು. ಒಂದೇ ತೋಟೆಯನ್ನು ಭಾರವಾದ ಕೋವಿಯಿಂದ ಹಾರಿಸಿದರೂ ಹಗುರವಾದ ಕೋವಿಯಿಂದ ಹಾರಿಸಿದರೂ ಚರೆಯ ವೇಗವು ಒಂದೇ. ಹಾರಿಸಿದವನ ಭುಜಕ್ಕೆ ಮಾತ್ರ ವ್ಯತ್ಯಾಸ.

ಭುಜದ ನೋವು ಎರಡು ದಿನಗಳಲ್ಲಿ ಮಾಯುತ್ತದೆ. ಮಾಯದಿರುವುದು ಮನಸ್ಸಿನಲ್ಲಿ ಉಳಿದ ಅಂಜಿಕೆ. ಎರಡು ಸಲ ಒದೆ ತಿಂದವನು ಮೂರನೆಯ ಸಲ ಟ್ರಿಗರನ್ನು ಎಳೆಯುವುದಕ್ಕೆ ಮುಂಚೆಯೇ ಕಣ್ಣು ಮುಚ್ಚುತ್ತಾನೆ, ಭುಜವನ್ನು ಹಿಂದೆಳೆಯುತ್ತಾನೆ, ಬೆರಳನ್ನು ಜಗ್ಗುತ್ತಾನೆ. ಕೋವಿಯ ಮೂತಿಯು ಗುರಿ ತಪ್ಪುತ್ತದೆ. ಎದೆಗೆ ತಗಲಬೇಕಾದ ಚರೆಯು ಹೊಟ್ಟೆಗೋ ಕಾಲಿಗೋ ತಗಲಿ, ಹಂದಿಯು ಗಾಯಗೊಂಡು ಲಂಟಾನದ ಪೊದೆಯಲ್ಲಿ ಅಡಗುತ್ತದೆ. ಮರುದಿನ ಬೆಳಿಗ್ಗೆ ಹುಲ್ಲು ಕೊಯ್ಯಲು ಹೋದ ಆಳಿನ ಮೇಲೆ ಅದು ಎರಗಿದರೆ ಅದಕ್ಕೆ ಹೊಣೆ ಯಾರು? ಒದೆಯು ಕಡಮೆಯಿರಬೇಕೆಂದು ಹೇಳುವುದು ಮೈಗಳ್ಳತನದ ಮಾತಲ್ಲ.

ಒದೆಯನ್ನು ತಗ್ಗಿಸುವ ಉಪಾಯಗಳಲ್ಲಿ ಎಲ್ಲಕ್ಕಿಂತ ಅಗ್ಗವಾದದ್ದು ತೂಕವೇ ಆಗಿದೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಪ್ರಸಿದ್ಧ ಕೋವಿ ತಯಾರಕರಾದ ಗ್ರೀನರ್ ಎಂಬುವರ ಹೆಸರಿನಲ್ಲಿ ಒಂದು ಲೆಕ್ಕವು ಬಳಕೆಯಲ್ಲಿದೆ. ತೋಟೆಯಲ್ಲಿರುವ ಚರೆಯ ತೂಕಕ್ಕಿಂತ ಕೋವಿಯು ೯೬ ಪಟ್ಟು ತೂಗಬೇಕೆಂಬುದೇ ಅದು. ಇದರಂತೆ ೨೮ ಗ್ರಾಂ ಚರೆಗೆ ಸುಮಾರು ೨ ಕಿಲೋ ೭೦೦ ಗ್ರಾಂ, ೩೨ ಗ್ರಾಂ ಚರೆಗೆ ೩ ಕಿಲೋಗಿಂತ ತುಸು ಹೆಚ್ಚು, ೩೬ ಗ್ರಾಂ ಚರೆಗೆ ಸುಮಾರು ೩ ಕಿಲೋ ೪೫೦ ಗ್ರಾಂ ತೂಕದ ಕೋವಿಯಿರಬೇಕು. ಕೊಳ್ಳುವವನು ತಕ್ಕಡಿಯನ್ನು ಕೇಳಿ ತೂಗಿಸಿಯೇ ನೋಡತಕ್ಕದ್ದು. ಅಂಗಡಿಯವನ ಬಾಯಿಮಾತಿನ ತೂಕವನ್ನು ನಂಬಬೇಕಾಗಿಲ್ಲ. ೩ ಕಿಲೋ ಕೋವಿಯಿಂದ ೩೨ ಗ್ರಾಮಿನ ಸಾಧಾರಣ ತೋಟೆಯನ್ನು ಹಾರಿಸಿದರೆ ಅದು ಸೆಕೆಂಡಿಗೆ ಸುಮಾರು ನಾಲ್ಕೂವರೆ ಮೀಟರ್ ವೇಗದಲ್ಲಿ ಹಿಂದೆ ಸರಿಯುತ್ತದೆ. ಅದೇ ತೋಟೆಯನ್ನು ೨½ ಕಿಲೋ ಕೋವಿಗೆ ಹಾಕಿದರೆ ಹೊಡೆತದ ಬಲವು ಐದರಲ್ಲೊಂದು ಪಾಲು ಹೆಚ್ಚುತ್ತದೆ.

ಈಗಾಗಲೇ ಹಗುರವಾದ ಕೋವಿಯನ್ನು ಕೊಂಡವರು ಅದನ್ನು ಎಸೆಯಬೇಕಾಗಿಲ್ಲ. ೩೨ ಗ್ರಾಮಿನ ತೋಟೆಯನ್ನು ಬಿಟ್ಟು ೨೮ ಗ್ರಾಮಿನದನ್ನು ಬಳಸಿದರೆ ಹೊಡೆತವು ಹೆಚ್ಚುಕಡಮೆ ಅಷ್ಟೇ ಪಾಲು ಇಳಿಯುತ್ತದೆ. ಎಂದರೆ ಚರೆಯಲ್ಲಿ ೪ ಗ್ರಾಂ ಬಿಡುವುದು ಕೋವಿಗೆ ಅರ್ಧ ಕಿಲೋ ಕೂಡಿಸಿದ್ದಕ್ಕೆ ಸಮ. ಇದರಿಂದ ಆಗುವ ನಷ್ಟವಾದರೂ ಎಷ್ಟು? ಹಂದಿಗೆ ಬಳಸುವ ಎಸ್.ಜಿ. ಗುಂಡುಗಳು ೨೮ ಗ್ರಾಮಿಗೆ ಎಂಟು, ೩೨ ಗ್ರಾಮಿಗೆ ಒಂಬತ್ತು. ಒಂದು ಗುಂಡಿನ ಆಸೆಗೆ ಕಣ್ಣು ಮುಚ್ಚಿ ಹಾರಿಸುವುದು ಜಾಣತನವಲ್ಲ. ಬರಿದೆ ಸದ್ದು ಮಾಡಿ ಓಡಿಸುವುದಕ್ಕಾದರೆ ಅತಿ ಮೆದುವಾದ ತೋಟೆಯೂ ಸಾಕು.

ಬೋರಿನ ವಿಚಾರದಲ್ಲಿಯೂ ತಪ್ಪು ತಿಳಿವಳಿಕೆಯಿದೆ. ಒಂದು ಪೌಂಡು ಸೀಸದಿಂದ ಸಮನಾದ ೧೨ ಗುಂಡುಗಳನ್ನು ಎರೆದರೆ ಒಂದು ಗುಂಡಿನ ಅಗಲವೆಷ್ಟೋ ಅಷ್ಟು ಅಗಲದ ನಳಿಗೆಯು ೧೨ ಬೋರು. ಅದು ಸುಮಾರು ೧೮½ ಮಿಲಿಮೀಟರ್. ೨೦ ಬೋರಿನದು ಅದಕ್ಕಿಂತ ಕಿರಿದು, ಸುಮಾರು ೧೫½ ಮಿಲಿಮೀಟರ್. ೨೦ ಬೋರು ಒದೆಯುವುದಿಲ್ಲವೆಂದು ಕೆಲವರು ಅದನ್ನು ಹುಡುಕಿಕೊಂಡು ಹೋಗುತ್ತಾರೆ. ಚರೆಯು ಕಡಮೆಯಾದ್ದರಿಂದ ಒದೆಯು ಕಡಮೆಯೆಂಬುದು ನಿಜವೇ. ಆದರೆ ಕೋವಿಯೂ ಹಗುರವಾಗಿರುವುದರಿಂದ ಅದರಲ್ಲಿ ಬಲವಾದ ತೋಟೆಯನ್ನು ಹಾಕಿದರೆ ಲಾಭವೆಲ್ಲ ಹೋಯಿತು. ಅದರ ತೋಟೆಯು ನಮ್ಮ ಊರುಗಳಲ್ಲಿ ೧೨ ಬೋರಿನ ತೋಟೆಯಷ್ಟು ಸುಲಭವಾಗಿ ದೊರೆಯುವುದೂ ಇಲ್ಲ. ಸಾಕಷ್ಟು ತೂಕವಿರುವ ೧೨ ಬೋರಿನ ಕೋವಿಯೇ ಸಾಧಾರಣ ಬೆಳೆಗಾರನಿಗೆ ಮೇಲು. ೪೧೦ ಎಂಬ ಸಣ್ಣ ನಳಿಗೆಯದು ಒದೆಯಲ್ಲಿ ಮೃದುವಾದರೂ ಹಂದಿಯನ್ನು ಗಾಯಗೊಳಿಸುವುದಕ್ಕೆ ಮಾತ್ರ ಸಾಕಾಗುವಂಥದು.

ಕೇಪಿನ ಕೋವಿಯಲ್ಲಿ ಒದೆಯು ತುಂಬುವವನ ಕೈಯಲ್ಲಿದೆ. ಮದ್ದನ್ನು ಅಂದಾಜಿನಿಂದ ಸುರಿಯದೆ ಅಳತೆಯ ಪಾತ್ರೆಯನ್ನು ಇಟ್ಟುಕೊಳ್ಳಬೇಕು. ಅದಕ್ಕೆ ಕರಿಮದ್ದಲ್ಲದೆ ತೋಟೆಯೊಳಗಿನ ಹೊಗೆಯಿಲ್ಲದ ಮದ್ದನ್ನು ಎಂದಿಗೂ ಹಾಕಕೂಡದು. ನಳಿಗೆಯು ಸಿಡಿದು ಕೈ ಹೋಗುತ್ತದೆ.

ಹೊಸ ಜೋಡುನಳಿಗೆಯ ಬೆಲೆಯು ಭಾರವೆನ್ನುವವರಿಗೆ ಹೊಸ ಒಂಟಿನಳಿಗೆ, ಹಳೆಯ ಜೋಡುನಳಿಗೆ ಎಂಬ ಎರಡು ದಾರಿಗಳಿವೆ. ಒಂಟಿನಳಿಗೆಯಲ್ಲಿ ಕೆಡುವ ಭಾಗಗಳು ಕಡಮೆ, ಬೆಲೆಯೂ ಕಡಮೆ. ತೂಕವೊಂದನ್ನೇ ಎಚ್ಚರದಿಂದ ನೋಡಬೇಕು. ಹಳೆಯ ಜೋಡುನಳಿಗೆಯು ಸಾಮಾನ್ಯವಾಗಿ ೩ ಕಿಲೋ ಆಸುಪಾಸಿನಲ್ಲಿದ್ದು ಭುಜಕ್ಕೆ ಹಿತವಾಗಿರುತ್ತದೆ. ಆದರೆ ಪರೀಕ್ಷೆ ಹೆಚ್ಚು ಬೇಕು. ನಳಿಗೆಯನ್ನು ಬಿಚ್ಚಿ ಬೆಳಕಿಗೆ ಹಿಡಿದು ಒಳಗೆ ತುಕ್ಕಿನ ಗುಳಿಗಳೂ ಹೊರಗೆ ನೆಗ್ಗುಗಳೂ ಇವೆಯೇ ಎಂದು ನೋಡಬೇಕು. ಅದನ್ನು ದಾರದಲ್ಲಿ ತೂಗುಬಿಟ್ಟು ಮರದ ತುಂಡಿನಿಂದ ತಟ್ಟಿದರೆ ಗಂಟೆಯಂತೆ ದನಿಗೊಡಬೇಕು. ಒಡಕು ಮಡಕೆಯ ಸದ್ದು ಬಂದರೆ ಬೆಸುಗೆ ಬಿಟ್ಟಿದೆಯೆಂದು ತಿಳಿಯತಕ್ಕದ್ದು. ಕೋವಿಯನ್ನು ಮುಚ್ಚಿ ಅಲುಗಾಡಿಸಿದಾಗ ಕೀಲಿನಲ್ಲಿ ಸಡಿಲವಿರಬಾರದು. ಕಬ್ಬಿಣ ಉಕ್ಕುಗಳ ಪಟ್ಟಿಗಳನ್ನು ಸುತ್ತಿ ಬೆಸೆದ, ಮೈಮೇಲೆ ಅಲೆಗಳಂಥ ಗೆರೆಗಳುಳ್ಳ ಪುರಾತನ ನಳಿಗೆಗಳು ಹೆಚ್ಚಾಗಿ ಕರಿಮದ್ದಿನ ಕಾಲದವು. ನೋಡುವುದಕ್ಕೆ ಬಹು ಸೊಗಸು, ಗೋಡೆಯ ಮೇಲೆ ತೂಗುಹಾಕುವುದಕ್ಕೆ ಯೋಗ್ಯ.

ಹಳೆಯ ವಿಲಾಯಿತಿ ಕೋವಿಗಳಲ್ಲಿ ಇನ್ನೊಂದು ಮೋಸವಿದೆ. ಅವುಗಳಲ್ಲಿ ಹಲವಕ್ಕೆ ತೋಟೆಯ ಮನೆಯು ೬೫ ಮಿಲಿಮೀಟರ್ ಉದ್ದ. ಈಗಿನ ತೋಟೆಗಳು ಸಾಮಾನ್ಯವಾಗಿ ೭೦ ಮಿಲಿಮೀಟರಿನವು. ಬಾಯಿ ಮಡಿಸಿದ ತೋಟೆಯು ಗಿಡ್ಡವಾಗಿರುವುದರಿಂದ ಅದು ಸಲೀಸಾಗಿ ಒಳಗೆ ಕೂರುತ್ತದೆ. ಹಾರಿದಾಗ ಬಾಯಿ ಬಿಚ್ಚಿಕೊಂಡು ಮುಂದಿನ ಇಕ್ಕಟ್ಟಿಗೆ ಸಿಕ್ಕಿ, ಒಳಗಿನ ಒತ್ತಡವು ಏರಿ, ಒದೆಯೂ ಹೆಚ್ಚುತ್ತದೆ, ನಳಿಗೆಗೂ ಅಪಾಯ. ಬಂದೂಕು ರಿಪೇರಿಯವನಿಂದ ಈ ಉದ್ದವನ್ನು ಅಳೆಯಿಸದೆ ಹಣ ಕೊಡಬಾರದು. ಸವೆದ ಯಂತ್ರದ ಜೋಡುನಳಿಗೆಯಲ್ಲಿ ಮೊದಲ ಒದೆಯ ಅದಿರಿಗೇ ಎರಡನೆಯ ತೋಟೆಯೂ ಹಾರಿಬಿಡುವುದುಂಟು. ಎರಡು ಒದೆಗಳು ಒಟ್ಟಿಗೆ ಬಿದ್ದರೆ ಗಟ್ಟಿಗನೂ ತತ್ತರಿಸುತ್ತಾನೆ.

ಭುಜಕ್ಕಾನಿಸುವ ಮರದ ಹಿಡಿಯು ಹಾರಿಸುವವನ ಮೈಗೆ ಒಪ್ಪಬೇಕು. ಕೋವಿಯನ್ನು ಭುಜಕ್ಕೇರಿಸಿ ಕೆನ್ನೆ ತಗುಲಿಸಿದಾಗ ಮೂಗಿಗೂ ಹೆಬ್ಬೆರಳಿನ ಗೆಣ್ಣಿಗೂ ನಡುವೆ ಎರಡು ಬೆರಳಗಲ ತೆರವಿದ್ದರೆ ಸರಿ. ಗಿಡ್ಡವಾದರೆ ಹೆಬ್ಬೆರಳು ಮೂಗಿಗೆ ಬಡಿಯುತ್ತದೆ. ಉದ್ದವಾದರೆ ಹಿಡಿಯು ತೋಳಿನ ಮೇಲೆ ಕುಳಿತು ಮೂಗೇಟು ಮಾಡುತ್ತದೆ. ಗಿಡ್ಡ ಹಿಡಿಗೆ ರಬ್ಬರಿನ ಮೆತ್ತೆಯನ್ನು ಕೂರಿಸಿದರೆ ಅಳತೆಯೂ ಸರಿಹೋಗುತ್ತದೆ, ಪೆಟ್ಟೂ ಮೆತ್ತಗಾಗುತ್ತದೆ. ಖರ್ಚು ಸ್ವಲ್ಪ, ಫಲ ಬಹಳ. ಹಿಡಿಯನ್ನು ಭುಜದ ಗುಳಿಗೆ ಬಿಗಿಯಾಗಿ ಒತ್ತಿಕೊಳ್ಳಬೇಕು. ಒದೆಗೆ ಹೆದರಿ ಸಡಿಲ ಬಿಟ್ಟರೆ ತಳ್ಳುವ ಬದಲು ಗುದ್ದುತ್ತದೆ. ಅಟ್ಟಣೆಯ ಮೇಲೆ ಮರದ ಬೊಡ್ಡೆಗೆ ಬೆನ್ನು ಆನಿಸಿ ಕುಳಿತು ಹಾರಿಸುವ ರೂಢಿಯನ್ನೂ ಬಿಡಬೇಕು; ಬೆನ್ನು ಹಿಂದೆ ಸರಿಯಲು ಎಡೆಯಿಲ್ಲದಿದ್ದರೆ ಹೊಡೆತವನ್ನೆಲ್ಲ ಭುಜದ ಮೂಳೆಯೇ ನುಂಗಬೇಕಾಗುತ್ತದೆ.

ಕೋವಿಯನ್ನು ತಂದ ಮೇಲೆ ಐದಾರು ತೋಟೆಗಳನ್ನು ಪರೀಕ್ಷೆಗೆಂದು ಮೀಸಲಿಡುವುದನ್ನು ದಂಡವೆಂದು ಎಣಿಸಬಾರದು. ಹಿಂದೆ ಎತ್ತರವಾದ ಮಣ್ಣಿನ ದಿಬ್ಬವಿರುವೆಡೆಯಲ್ಲಿ, ಜನ ದನಗಳಿಲ್ಲದ ಹೊತ್ತಿನಲ್ಲಿ, ಮೊರದಗಲದ ಕಾಗದವನ್ನು ೨೫ ಮೀಟರ್ ದೂರಕ್ಕೆ ಕಟ್ಟಿ ಹಗಲಿನಲ್ಲಿ ಹಾರಿಸಿ ನೋಡಬೇಕು. ಎಂಟು ಗುಂಡುಗಳಲ್ಲಿ ಐದಾರಾದರೂ ಮೊರದೊಳಗೆ ಬೀಳದಿದ್ದರೆ ಐದೈದು ಮೀಟರ್ ಹತ್ತಿರಕ್ಕೆ ಬರುತ್ತಾ ಪರೀಕ್ಷಿಸತಕ್ಕದ್ದು. ಸರಿಬಿದ್ದ ದೂರವನ್ನು ಗುರುತಿಟ್ಟುಕೊಂಡು, ಅಟ್ಟಣೆಯಿಂದ ಅಷ್ಟೇ ದೂರಕ್ಕೆ ಗದ್ದೆಯ ಸುತ್ತ ಸುಣ್ಣ ಬಳಿದ ಗೂಟಗಳನ್ನು ನೆಡಬೇಕು. ಗೂಟದಿಂದಾಚೆ ನಿಂತ ಹಂದಿಗೆ ಸದ್ದು ಮಾತ್ರ, ಗುಂಡು ಬೇಡ.