ಹಿತ್ತಲಲ್ಲೊಂದು ಪಟಿಂಗ್ ಗ್ರೀನ್: ನಿಮಗಿದು ಗೊತ್ತೇ?

ಮನೆಯ ಹಿತ್ತಲಲ್ಲಿ ಪುಟ್ಟದೊಂದು ಪಟಿಂಗ್ ಗ್ರೀನ್ (ಚೆಂಡನ್ನು ಮೆಲ್ಲಗೆ ತಳ್ಳಿ ಕುಳಿಗೆ ಉರುಳಿಸುವ ಹುಲ್ಲುಹಾಸು) ಇರಬೇಕೆಂಬುದು ಗಾಲ್ಫ್ ಹುಚ್ಚಿರುವ ಅನೇಕರ ಆಸೆ. ಕಣ್ಣಿಗೆ ಕಾಣುವುದು ಹಸಿರು ಹಾಸು ಮಾತ್ರ. ಚೆಂಡು ಸರಿಯಾಗಿ ಉರುಳುತ್ತದೋ ಇಲ್ಲವೋ ಎಂಬುದು ತೀರ್ಮಾನವಾಗುವುದು ಹಾಸಿನ ಕೆಳಗಿನ ನೆಲದಲ್ಲಿ.

● ಪಾರ್ 72ರ, ಅಂದರೆ 72 ಹೊಡೆತಗಳಲ್ಲಿ ಮುಗಿಸಬೇಕಾದ ಕೋರ್ಸಿನಲ್ಲಿ ಪ್ರತಿ ಕುಳಿಗೂ ಎರಡು ಪಟ್ (ಗ್ರೀನ್ ಮೇಲೆ ಚೆಂಡು ಉರುಳಿಸುವ ಹೊಡೆತ) ಎಂದು ಲೆಕ್ಕ. 18 ಕುಳಿಗೆ 36 ಪಟ್, ಅಂದರೆ ಆಟದ ಸರಿಯರ್ಧ! ಈ ಅರ್ಧವನ್ನು ಪಳಗಿಸಿಕೊಳ್ಳಲು ಎಕರೆಗಟ್ಟಲೆ ಮೈದಾನ ಬೇಕಿಲ್ಲ, ಹಿತ್ತಲು ಸಾಕು.

● ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವರಾದದ್ದು ಕರಾರುವಾಕ್ಕಾದ ಪಟಿಂಗ್‌ನ ಬಲದಿಂದ. ಪದಕ ಕೈತಪ್ಪಿದ್ದು ಒಂದೇ ಒಂದು ಹೊಡೆತದಲ್ಲಿ.

● ಕುಳಿಯ ವ್ಯಾಸ ಜಗತ್ತಿನಾದ್ಯಂತ ಒಂದೇ: ನಾಲ್ಕೂಕಾಲು ಇಂಚು, ಅಂದರೆ 108 ಮಿ.ಮೀ. ಸ್ಕಾಟ್ಲೆಂಡಿನ ಮಸಲ್‌ಬರ್ಗ್‌ನಲ್ಲಿ 1829ರಲ್ಲೇ ಬಳಕೆಯಲ್ಲಿದ್ದ ಕುಳಿ ಕೊರೆಯುವ ಸಾಧನದ ಅಳತೆಯಿದು. 1891ರಲ್ಲಿ ಇದೇ ನಿಯಮವಾಯಿತು. ಆಳ ಕನಿಷ್ಠ 4 ಇಂಚು. ಒಳಗಿಡುವ ಕಪ್ಪಿನ ಅಂಚು ನೆಲಮಟ್ಟದಿಂದ ಕನಿಷ್ಠ 1 ಇಂಚು ಕೆಳಗಿರಬೇಕು.

● ಚೆಂಡಿನ ವ್ಯಾಸ 42.67 ಮಿ.ಮೀ.ಗಿಂತ ಕಡಿಮೆ ಇರುವಂತಿಲ್ಲ. ಕುಳಿಯ ನಡುಮಧ್ಯಕ್ಕೇ ಬಂದರೂ ಸೆಕೆಂಡಿಗೆ ಸುಮಾರು 1.6 ಮೀಟರ್‌ಗಿಂತ ವೇಗವಿದ್ದರೆ ಚೆಂಡು ಒಳಗೆ ಬೀಳದೆ ಹಾರಿಹೋಗುತ್ತದೆ. ಗುರಿಯಷ್ಟೇ ವೇಗವೂ ಮುಖ್ಯ.

● ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ 1954ರಲ್ಲಿ ಶ್ವೇತಭವನದ ಅಂಗಳದಲ್ಲೇ ಪಟಿಂಗ್ ಗ್ರೀನ್ ಮಾಡಿಸಿಕೊಂಡರು. ಅಳಿಲುಗಳು ಅದನ್ನು ಕೆದರತೊಡಗಿದಾಗ ಅವುಗಳನ್ನು ಹಿಡಿದು ಬೇರೆಡೆ ಸಾಗಿಸಲಾಯಿತು. ಇದನ್ನು ವಿರೋಧಿಸಿ ಸೆನೆಟರ್ ರಿಚರ್ಡ್ ನ್ಯೂಬರ್ಗರ್ 1955ರಲ್ಲಿ ಅಳಿಲುಗಳ ರಕ್ಷಣೆಗೆಂದು ನಿಧಿಯನ್ನೇ ಆರಂಭಿಸಿದರು!

● ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್‌ನಲ್ಲಿ ಮಹಿಳೆಯರ ಪಟಿಂಗ್ ಕ್ಲಬ್ ಹುಟ್ಟಿದ್ದು 1867ರಲ್ಲಿ. ದಿಣ್ಣೆ ತಗ್ಗುಗಳಿಂದ ತುಂಬಿದ ಅವರ ಅಂಗಳದ ಹೆಸರು ‘ಹಿಮಾಲಯಾಸ್’. ಇಂದಿಗೂ ಅಲ್ಲಿ ಆಟ ನಡೆಯುತ್ತದೆ.

● ಬಿಸಿಲಿನ ನಾಡುಗಳಲ್ಲಿ ಗ್ರೀನ್‌ಗೆ ಹಾಕುವ ಬರ್ಮುಡಾ ಹುಲ್ಲು ನಮಗೆ ಅಪರಿಚಿತವಲ್ಲ. ಗಣಪತಿಗೆ ಏರಿಸುವ ಗರಿಕೆಯೇ ಅದು! ಈ ಗರಿಕೆಯನ್ನು ಆಫ್ರಿಕಾದ ಒಂದು ಜಾತಿಯೊಡನೆ ಕೂಡಿಸಿ ಬೆಳೆಸಿದ ಮಿಶ್ರತಳಿಗಳು ಗ್ರೀನ್‌ಗಳಲ್ಲಿ ಬಳಕೆಯಲ್ಲಿವೆ. ಗರಿಗಳು ಬಾಗಿದ ದಿಕ್ಕಿನಲ್ಲಿ ಚೆಂಡು ಜೋರಾಗಿ ಓಡುತ್ತದೆ, ಎದುರು ದಿಕ್ಕಿನಲ್ಲಿ ನಿಧಾನವಾಗುತ್ತದೆ.

● ಗ್ರೀನ್‌ನ ಹುಲ್ಲನ್ನು ಸುಮಾರು 3 ಮಿ.ಮೀ. ಎತ್ತರಕ್ಕೆ ಕತ್ತರಿಸುತ್ತಾರೆ. ಮನೆಬಳಕೆಯ ತಿರುಗು ಬ್ಲೇಡಿನ ಯಂತ್ರಕ್ಕೆ ಇದು ಆಗದ ಮಾತು, ಉರುಳೆಯ ಮೇಲೆ ಬ್ಲೇಡುಗಳಿರುವ ಯಂತ್ರವೇ ಬೇಕು. ಅದನ್ನು 1830ರಲ್ಲಿ ರೂಪಿಸಿದವರು ಇಂಗ್ಲೆಂಡಿನ ಎಡ್ವಿನ್ ಬಡಿಂಗ್. ಗಿರಣಿಯಲ್ಲಿ ಉಣ್ಣೆಬಟ್ಟೆಯ ಮೇಲಿನ ನವಿರು ಎಳೆಗಳನ್ನು ಸವರುವ ಯಂತ್ರವೇ ಅವರಿಗೆ ಪ್ರೇರಣೆ.

● ಗ್ರೀನ್ ಮೇಲೆ ತೆಳುವಾಗಿ ಮರಳು ಹರಡುವ ಪದ್ಧತಿ ಸ್ಕಾಟ್ಲೆಂಡಿನ ಹಳೆಯ ಗಾಲ್ಫ್ ಆಟಗಾರ, ಮೈದಾನಪಾಲಕ ಓಲ್ಡ್ ಟಾಮ್ ಮಾರಿಸ್ ಕಾಲದಿಂದ ಬಂದದ್ದು. ಆಕಸ್ಮಿಕವಾಗಿ ಮರಳು ಚೆಲ್ಲಿದ ಕಡೆ ಹುಲ್ಲು ಸೊಂಪಾಗಿ ಬೆಳೆದದ್ದನ್ನು ಕಂಡು ಅವರು ಇದನ್ನು ರೂಢಿಗೆ ತಂದರೆಂದು ಹೇಳುತ್ತಾರೆ.

● ಒಳ್ಳೆಯ ಗ್ರೀನ್‌ನ ಗುಟ್ಟು ಕೆಳಪದರಗಳಲ್ಲಿದೆ. ಅಮೆರಿಕದ ಗಾಲ್ಫ್ ಸಂಸ್ಥೆ ಯುಎಸ್‌ಜಿಎ 1960ರಲ್ಲಿ ಪ್ರಕಟಿಸಿದ ವಿಧಾನ ಹೀಗಿದೆ: ತಳದಲ್ಲಿ ನೀರು ಬಸಿಯುವ ಪೈಪು, ಅದರ ಮೇಲೆ 4 ಇಂಚು ಜಲ್ಲಿ, ಜಲ್ಲಿಯ ಮೇಲೆ 12 ಇಂಚು ಮರಳು ಪ್ರಧಾನವಾದ ಮಿಶ್ರಣ. ಮರಳು ಪೂರ್ತಿ ತೊಯ್ಯುವವರೆಗೂ ನೀರು ದಪ್ಪ ಜಲ್ಲಿಗೆ ಇಳಿಯುವುದಿಲ್ಲ, ಬೇರಿನ ಬಳಿಯೇ ನಿಲ್ಲುತ್ತದೆ. ಹೆಚ್ಚಾದಾಗ ತಾನಾಗಿ ಬಸಿದುಹೋಗುತ್ತದೆ. ಬೇಸಿಗೆಯಲ್ಲಿ ತೇವವೂ ಉಳಿಯುತ್ತದೆ, ಮಳೆಗಾಲದಲ್ಲಿ ಕೆಸರೂ ಆಗುವುದಿಲ್ಲ.

● ಮೇಲ್ಮೈಯನ್ನು ಮೇಜಿನಂತೆ ಸಪಾಟು ಮಾಡಿದರೆ ನೀರು ನಿಲ್ಲುತ್ತದೆ. ಕುಳಿಯ ಸುತ್ತ ಶೇ 1ರಿಂದ 3ರಷ್ಟು ಇಳಿಜಾರು ಹಿತ. ಶೇ 2 ಎಂದರೆ ಮೀಟರಿಗೆ 2 ಸೆಂ.ಮೀ. ಇಳಿತ. ಅದಕ್ಕಿಂತ ಬಹಳ ಹೆಚ್ಚಾದರೆ, ವೇಗದ ಗ್ರೀನ್‌ನಲ್ಲಿ ಚೆಂಡು ಕುಳಿಯ ಬಳಿ ನಿಲ್ಲುವುದೇ ಇಲ್ಲ.

● ಗ್ರೀನ್‌ನ ವೇಗ ಅಳೆಯುವ ಸಾಧನ ಸ್ಟಿಂಪ್‌ಮೀಟರ್. 1935ರಲ್ಲಿ ಎಡ್ವರ್ಡ್ ಸ್ಟಿಂಪ್ಸನ್ ಇದನ್ನು ರೂಪಿಸಿದರು. 36 ಇಂಚು ಉದ್ದದ ಪಟ್ಟಿಯ ತೋಡಿನಲ್ಲಿ ಚೆಂಡಿಟ್ಟು ಒಂದು ತುದಿಯನ್ನು ಮೆಲ್ಲಗೆ ಎತ್ತಬೇಕು. ಸುಮಾರು 20 ಡಿಗ್ರಿಗೆ ಬಂದಾಗ ಚೆಂಡು ತಾನಾಗಿ ಉರುಳುತ್ತದೆ. ಅದು ಸಮತಟ್ಟು ನೆಲದಲ್ಲಿ 10 ಅಡಿ ಓಡಿದರೆ ವೇಗ 10. ಎದುರುಬದುರು ದಿಕ್ಕಿನಲ್ಲಿ ಉರುಳಿಸಿ ಸರಾಸರಿ ತೆಗೆಯುತ್ತಾರೆ.

● ಹುಲ್ಲಿಲ್ಲದ ಗ್ರೀನ್‌ಗಳೂ ಇವೆ! ನೀರಿನ ಅಭಾವವಿರುವೆಡೆ ಎಣ್ಣೆ ಬೆರೆಸಿದ ಮರಳನ್ನೇ ಹದಗೊಳಿಸಿ ಆಡುತ್ತಾರೆ. ಅಮೆರಿಕದ ಹೆಸರಾಂತ ಪೈನ್‌ಹರ್ಸ್ಟ್ 2ನೇ ಕೋರ್ಸಿನಲ್ಲೂ 1930ರ ದಶಕದ ಮಧ್ಯದವರೆಗೆ ಇದ್ದದ್ದು ಮರಳಿನ ಗ್ರೀನ್‌ಗಳೇ.

● ಕೃತಕ ಹಾಸು ಹಾಕಿಸುವುದಾದರೂ ಅಗೆತ ತಪ್ಪದು. ಮೇಲ್ಮಣ್ಣು ತೆಗೆದು, ಜಲ್ಲಿ ತುಂಬಿ, ಅದರ ಮೇಲೆ ಕಲ್ಲುಪುಡಿ ಹರಡಿ ದಮ್ಮಸ್ಸು ಮಾಡಬೇಕು. ದಮ್ಮಸ್ಸು ಸಾಲದಿದ್ದರೆ ಮಳೆ ಬಿದ್ದ ಮೇಲೆ ನೆಲ ಅಲ್ಲಲ್ಲಿ ಕುಸಿದು ಚೆಂಡು ದಾರಿ ತಪ್ಪುತ್ತದೆ. ಕೃತಕ ಹಾಸಿಗೆ ನೀರು, ಕತ್ತರಿ ಬೇಡ. ಆದರೆ ಬಿಸಿಲಲ್ಲಿ ಅದು ನಿಜವಾದ ಹುಲ್ಲಿಗಿಂತ ಬಹಳ ಹೆಚ್ಚು ಕಾಯುತ್ತದೆ.

ನೀವೂ ಗ್ರೀನ್ ಮಾಡಿಸುವುದಾದರೆ ಹುಲ್ಲಿನ ತಳಿ ವಿಚಾರಿಸುವ ಮೊದಲು ಜೋರು ಮಳೆ ಬಂದ ದಿನ ಹಿತ್ತಲನ್ನು ಗಮನಿಸಿ. ನೀರು ಎಲ್ಲಿ ನಿಲ್ಲುತ್ತದೆ, ಎತ್ತ ಹರಿಯುತ್ತದೆ ಎಂದು ಗುರುತು ಹಾಕಿಕೊಳ್ಳಿ. ಹಣದ ದೊಡ್ಡ ಪಾಲನ್ನು ನೆಲದ ಕೆಳಗಿನ ಕೆಲಸಕ್ಕೇ ಮೀಸಲಿಡಿ. ಹಾಸನ್ನು ಯಾವಾಗ ಬೇಕಾದರೂ ಬದಲಿಸಬಹುದು, ತಳಪಾಯವನ್ನು ಬದಲಿಸಬೇಕೆಂದರೆ ಎಲ್ಲವನ್ನೂ ಕಿತ್ತುಹಾಕಬೇಕು.