ಎಳೆಗಣ್ಣಿನ ಪೊರೆ

ಕಣ್ಣಿನ ಪಾಪೆಯ ಹಿಂದಿರುವ ಮಸೂರದಲ್ಲಿ ರಕ್ತನಾಳಗಳಿಲ್ಲ. ಅದರ ಒಳಪದರಗಳ ಜೀವಕೋಶಗಳು ಬೆಳಕಿಗೆ ಅಡ್ಡಿಯಾಗುವ ತಮ್ಮ ಕೋಶಕೇಂದ್ರವನ್ನೂ ಕಳೆದುಕೊಂಡು, ಕ್ರಿಸ್ಟಲಿನ್ ಎಂಬ ಪಾರದರ್ಶಕ ಪ್ರೋಟೀನನ್ನು ಒತ್ತೊತ್ತಾಗಿ ತುಂಬಿಕೊಂಡಿರುತ್ತವೆ. ಮಸೂರದ ನಡುವಿನ ಪ್ರೋಟೀನು ಹುಟ್ಟಿಗೆ ಮುಂಚೆಯೇ ಸಿದ್ಧವಾಗಿ, ಮತ್ತೆಂದೂ ಹೊಸದಾಗದೆ ಆಯುಷ್ಯವಿಡೀ ಬಾಳಬೇಕಾದ್ದರಿಂದ, ಅದನ್ನು ರೂಪಿಸುವ ವಂಶವಾಹಿಯಲ್ಲಿ ಒಂದಕ್ಷರ ತಪ್ಪಿದರೂ ಅದು ಗಂಟುಕಟ್ಟಿ ಮಸೂರ ಮಸುಕಾಗಬಹುದು. ಮುಪ್ಪಿನ ಕಾಯಿಲೆಯೆಂದೇ ಜನ ನಂಬಿರುವ ಪೊರೆ ಹಸುಗೂಸಿನ ಕಣ್ಣಿಗೂ ಬರುವ ದಾರಿಗಳಲ್ಲಿ ಇದೊಂದು.

ವಂಶದಲ್ಲಿ ಇಳಿದುಬರುವ ಎಳೆಗಣ್ಣಿನ ಪೊರೆಯೊಂದರ ವಂಶವಾಹಿಯು ಡಫಿ ಎಂಬ ರಕ್ತಗುಂಪಿನ ವಂಶವಾಹಿಯ ಜೊತೆಜೊತೆಗೇ ಪೀಳಿಗೆಯಿಂದ ಪೀಳಿಗೆಗೆ ಸಾಗುತ್ತದೆಂದು ಸಂಶೋಧಕರಾದ ರೆನ್‌ವಿಕ್ ಮತ್ತು ಲಾಲರ್ 1963ರಲ್ಲಿ ತೋರಿಸಿದರು. 1968ರಲ್ಲಿ ಡಫಿಯ ನೆಲೆ 1ನೇ ವರ್ಣತಂತುವೆಂದು ತಿಳಿದಾಗ ಈ ಪೊರೆಯ ವಿಳಾಸವೂ ಸಿಕ್ಕಿತು.

ಪತ್ತೆಯ ಮೊದಲ ಹೆಜ್ಜೆ ಸರಳ. ಕತ್ತಲುಕೋಣೆಯಲ್ಲಿ ವೈದ್ಯರು ಮಗುವಿನ ಕಣ್ಣಿಗೆ ಬೆಳಕು ಹಾಯಿಸಿದಾಗ ಪಾಪೆ ಕೆಂಪಗೆ ಹೊಳೆಯಬೇಕು. ಆ ಹೊಳಪಿನಲ್ಲಿ ಕಪ್ಪು ನೆರಳು ಕಂಡರೆ ಸಂಶಯ. ಅಷ್ಟೇ ಮುಖ್ಯವಾದುದು, ಮತ್ತು ಅವಸರದಲ್ಲಿ ಬಿಟ್ಟುಹೋಗಬಾರದುದು, ತಂದೆತಾಯಿಯ ಪರೀಕ್ಷೆ: ಎಂದೂ ಕಣ್ಣಿನ ತೊಂದರೆ ಹೇಳಿಕೊಳ್ಳದ ತಾಯಿ ಕಣ್ಣನ್ನು ಹಿಗ್ಗಿಸಿ ತೋರುವ ಸ್ಲಿಟ್ ಲ್ಯಾಂಪಿನ ಮುಂದೆ ಗದ್ದವೂರಿ ಕುಳಿತಾಗ, ಅವಳ ಮಸೂರದಲ್ಲೂ ಧೂಳಿನಂಥ ಸಣ್ಣ ಚುಕ್ಕೆಗಳು ಕಾಣಬಹುದು. ಇನ್ನೊಂದು ಬಗೆಯ ಪೊರೆಯಲ್ಲಿ ದೋಷವಿರುವುದು ಹಾಲಿನ ಸಕ್ಕರೆಯಿಂದ ಬರುವ ಗ್ಯಾಲಕ್ಟೋಸನ್ನು ಬಳಸಿಕೊಳ್ಳುವ ಕಿಣ್ವದಲ್ಲಿ. ಗ್ಯಾಲಕ್ಟೋಸೀಮಿಯ ಎನಿಸುವ ಈ ಕಾಯಿಲೆಯಲ್ಲಿ ಮಸೂರದ ನಡುವೆ ಎಣ್ಣೆಹನಿಯಂಥ ಮಸುಕು ಮೂಡುತ್ತದೆ. ಎದೆಹಾಲೂ ಸೇರಿದಂತೆ ಹಾಲನ್ನೆಲ್ಲ ಬೇಗ ನಿಲ್ಲಿಸಿದರೆ ಅದು ಕರಗಲೂಬಹುದೆಂಬುದು ಶಸ್ತ್ರಚಿಕಿತ್ಸೆಗೆ ಮುನ್ನ ನೆನಪಿರಬೇಕಾದ ಮಾತು.

ದಟ್ಟವಾದ ಪೊರೆಗೆ ಮಾತ್ರ ಕಾಯುವ ಅವಕಾಶವಿಲ್ಲ. ಸ್ಪಷ್ಟ ಚಿತ್ರ ತಲುಪದಿದ್ದರೆ ಮಿದುಳು ನೋಡುವುದನ್ನೇ ಕಲಿಯದೆ ಮಂದದೃಷ್ಟಿ ಕಾಯಂ ಆಗುವುದರಿಂದ, ಮೊದಲ ಎರಡು ತಿಂಗಳೊಳಗೆ ಮಸೂರದ ತಿರುಳನ್ನು ಹೀರಿ ತೆಗೆಯುವುದು ಲೇಸು. ಎಳೆಯರಲ್ಲಿ ಹಿಂಬದಿಯ ತೆಳುಪೊರೆ ಬಹುಬೇಗ ಮತ್ತೆ ಮಬ್ಬಾಗುವ ಕಾರಣ ಅದರಲ್ಲೂ ಕಿಂಡಿ ಕೊರೆಯಲಾಗುತ್ತದೆ. ನಿಜವಾದ ದುಡಿಮೆ ಶುರುವಾಗುವುದು ಆಮೇಲೆ. ಕಿವಿಗೆ ನಿಲ್ಲದ ದಪ್ಪ ಗಾಜಿನ ಕನ್ನಡಕವನ್ನು ಎಲಾಸ್ಟಿಕ್ ಪಟ್ಟಿಯಿಂದ ತಲೆಗೆ ಕಟ್ಟುವುದು, ಇಲ್ಲವೇ ಕಾಂಟ್ಯಾಕ್ಟ್ ಲೆನ್ಸ್ ತೊಡಿಸುವುದು, ಕಣ್ಣು ಬೆಳೆದಂತೆ ಪವರ್ ಬದಲಿಸುವುದು, ಒಂದು ಕಣ್ಣು ಹಿಂದೆ ಬಿದ್ದರೆ ಇನ್ನೊಂದಕ್ಕೆ ದಿನಕ್ಕಿಷ್ಟು ಹೊತ್ತು ಪಟ್ಟಿ ಹಾಕುವುದು, ಕಣ್ಣಿನ ಒತ್ತಡ ಏರುವ ಗ್ಲಾಕೋಮಾ ಬಂದೀತೆಂದು ವರ್ಷಗಟ್ಟಲೆ ಎಚ್ಚರದಿಂದಿರುವುದು, ಇವೆಲ್ಲ ಬಹುಮಟ್ಟಿಗೆ ಮನೆಯವರ ಹೆಗಲಿಗೇ ಬೀಳುತ್ತವೆ.

ತಂದೆತಾಯಿಯಲ್ಲಿ ಒಬ್ಬರಿಂದಲೇ ಇಳಿದುಬರುವ ಪ್ರಬಲ ಬಗೆಯಾದರೆ, ಮುಂದಿನ ಪ್ರತಿ ಮಗುವಿಗೂ ಅದು ಬರುವ ಸಂಭವ ಅರ್ಧಕ್ಕರ್ಧ. ಅಂಥ ಮನೆಯಲ್ಲಿ ಹುಟ್ಟಿದ ಕೂಸಿನ ಕಣ್ಣಿಗೆ ಮೊದಲ ವಾರದಲ್ಲೇ ಬೆಳಕು ಹಿಡಿದು ನೋಡಬೇಕಾಗುತ್ತದೆ.